ಮೂಳೆವೈದ್ಯನ ಮನೆಯ ಬೋರ್ಡು

"ಗುರುಗಳೇ, ನಾನು ಬಾಯಿ ತೆರೆದರೆ ಸಾಕು, ಮಠದಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಿನ್ನೆ ನೀವು ಸಾವಿನ ಮನೆಗೆ ಸಮಾಧಾನ ಹೇಳಲು ಕಳಿಸಿದಿರಿ. ಅಲ್ಲಿಯೂ ಹಾಗೆಯೇ ಮಾತಾಡಿದೆ. ರಟ್ಟೆ ಹಿಡಿದು ಹೊರಗೆ ದಬ್ಬಿದರು. ಅದೇ ಬಾಯಿ, ಅದೇ ಮಾತು. ತಪ್ಪು ಎಲ್ಲಾಯಿತು?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳತೊಡಗಿದರು.

ಕೇಳಪ್ಪ. ಒಂದು ಪೇಟೆಯಲ್ಲಿ ಒಬ್ಬ ಬೋರ್ಡು ಬರೆಯುವವನಿದ್ದ. ಅಳತೆಪಟ್ಟಿ ಮುಟ್ಟದೆ, ಗೆರೆ ಎಳೆಯದೆ, ಬರೀ ಕೈಯಲ್ಲೇ ಬರೆಯುತ್ತಿದ್ದ. ಅವನ ಅಕ್ಷರಗಳೋ, ಒಂದೂ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಒಂದು ಸೊಂಟ ತಿರುವುತ್ತಿತ್ತು, ಇನ್ನೊಂದು ಕಾಲು ಮೇಲಕ್ಕೆತ್ತಿತ್ತು, ತಲೆಕಟ್ಟುಗಳೆಲ್ಲ ಓರೆ. ಮಿಠಾಯಿ ಅಂಗಡಿಗೆ ಬರೆದ, ಮಕ್ಕಳು ಅಪ್ಪಂದಿರ ಕೈ ಜಗ್ಗಿಕೊಂಡು ಒಳಗೆ ನುಗ್ಗಿದರು. ಬ್ಯಾಂಡ್‌ಸೆಟ್ಟಿನವರಿಗೆ ಬರೆದ, ಪೇಟೆಯ ಮದುವೆಗಳೆಲ್ಲ ಅವರ ಪಾಲಾದವು. ಬೊಂಬೆಯಾಟದವರ ಗಾಡಿಯ ಮೇಲೆ ಬರೆದ, ಆಟ ಶುರುವಾಗುವ ಮುಂಚೆಯೇ ಜನ ನಕ್ಕರು. ಹೊಗಳಿಕೆ ಅವನ ತಲೆಗೇರಿತು. ಏರದೆ ಇನ್ನೇನು?

ಆಗ ಮೂಳೆ ಕಟ್ಟುವ ನಾಟಿವೈದ್ಯನೊಬ್ಬ ಬಂದು ತನ್ನ ಮನೆಗೂ ಒಂದು ಬೋರ್ಡು ಬೇಕೆಂದ. ಇವನು ಹಲಗೆ ಎಷ್ಟು ಉದ್ದ, ಬಣ್ಣ ಯಾವುದು ಎಂದಷ್ಟೇ ಕೇಳಿ, 'ಮುರಿದ ಮೂಳೆ ಕೂಡಿಸಲಾಗುವುದು' ಎಂದು ಬರೆದುಕೊಟ್ಟ. ಮೊದಲ ಅಕ್ಷರ ಕುಂಟುತ್ತಿತ್ತು, ನಡುವಿನದಕ್ಕೆ ಬೆನ್ನು ಬಾಗಿತ್ತು, ಕೊನೆಯದು ಅಂಗಾತ ಬಿದ್ದಿತ್ತು. ಕೈ ಮುರಿದವರು ಬಾಗಿಲ ತನಕ ಬಂದು, ತಲೆಯೆತ್ತಿ ನೋಡಿ, ಮುರಿದ ಕೈಯನ್ನು ಎದೆಗವಚಿಕೊಂಡು ಬಂದ ದಾರಿ ಹಿಡಿದರು. ಪಾಪ, ವೈದ್ಯನ ಕೈಗುಣಕ್ಕೆ ಏನೂ ಆಗಿರಲಿಲ್ಲ. ಮೂರು ತಲೆಮಾರಿನ ವಿದ್ಯೆ ಇಟ್ಟುಕೊಂಡು ನೊಣ ಹೊಡೆಯುತ್ತ ಕೂತ. ಮನೆಯಲ್ಲಿ ಒಲೆ ಹೊತ್ತುವುದೇ ಕಷ್ಟವಾದಾಗ ಬೋರ್ಡು ಬರೆದವನ ಬಳಿಗೆ ಹೋಗಿ, ನೆಟ್ಟಗೆ ಬರೆದುಕೊಡು ಎಂದು ಬೇಡಿಕೊಂಡ. ಮಿಠಾಯಿಯವನು ತಲೆಯ ಮೇಲೆ ಹೊತ್ತು ಮೆರೆಸುವ ಅಕ್ಷರದಲ್ಲಿ ನೀನು ತಪ್ಪು ಹುಡುಕುತ್ತೀಯಾ ಎಂದು ಬೋರ್ಡಿನವನು ಸಿಡುಕಿ ಅಟ್ಟಿದ.

ಮುಂದಿನ ವಾರ ಬೋರ್ಡಿನವನೇ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡ. ನಾಲ್ವರು ಹೊತ್ತು ತಂದು ವೈದ್ಯನ ಬಾಗಿಲಲ್ಲಿ ಮಲಗಿಸಿದರು. ಅವನು ನರಳುತ್ತ ಕಣ್ಣು ಬಿಟ್ಟ. ಮೇಲೆ ಬೋರ್ಡು ಕಂಡಿತು. ಹೊತ್ತು ತಂದವರ ಕೈ ಹಿಡಿದುಕೊಂಡ.

"ಇಲ್ಲಿ ಬೇಡ್ರಪ್ಪ, ನಿಮ್ಮ ದಮ್ಮಯ್ಯ, ಬೇರೆ ಯಾರ ಹತ್ರಾದ್ರೂ ಕರ್ಕೊಂಡು ಹೋಗಿ."

ವೈದ್ಯ ಬೋರ್ಡನ್ನು ಕಿತ್ತು, ಕೊಡಲಿಯಿಂದ ಉದ್ದಕ್ಕೆ ಸೀಳಿ, ಆ ಪಟ್ಟಿಗಳನ್ನೇ ಅವನ ಕಾಲಿನ ಎರಡು ಬದಿಗೂ ಇಟ್ಟು ಬಿಗಿಯಾಗಿ ಕಟ್ಟಿದ. ಒಂದೂವರೆ ತಿಂಗಳಿಗೆ ಕಾಲು ಕೂಡಿತು. ಬೋರ್ಡಿಲ್ಲದ ಬಾಗಿಲಿಗೆ ಜನರೂ ಬರತೊಡಗಿದರು.

ಶಿಷ್ಯ ನಕ್ಕು ನಕ್ಕು ಕಣ್ಣೊರೆಸಿಕೊಂಡ. "ಎಂಥ ದಡ್ಡ, ಗುರುಗಳೇ. ಓದುವವರು ಯಾರು, ಅವರ ನೋವೇನು ಅಂತ ಬರೆಯುವ ಮುಂಚೆ ಒಂದು ಮಾತು ಕೇಳಬಾರದಿತ್ತೆ?"

"ನಿನ್ನೆ ಆ ಮನೆಯಲ್ಲಿ ತೀರಿಕೊಂಡವರು ಯಾರಪ್ಪ?" ಎಂದು ಗುರುಗಳು ಕೇಳಿದರು.

ಹೇಳಲು ಬಾಯಿ ತೆರೆದಾಗಲೇ ಶಿಷ್ಯನಿಗೆ ಹೊಳೆಯಿತು. ಅವನು ಅದನ್ನು ಕೇಳಿಯೇ ಇರಲಿಲ್ಲ.