ಕಣ್ಣು ಮಿಟುಕಿಸದ ಫೋಟೋ

ನಾನು ಅಂಚೆ ಕಚೇರಿಯ ಜವಾನ. ನನ್ನ ಬುದ್ಧಿಗೆ ಹುಲಿಯೂ ಕೈಮುಗಿಯುತ್ತೆ. ಒಂದು ದಿನ ಕಂಟ್ರಾಕ್ಟರ್ ಮರಿಲಿಂಗಪ್ಪ ತನ್ನ ಚಿಕ್ಕಮ್ಮ ಚೌಡಮ್ಮನ ಫೋಟೋ ಹಿಡಿದು ಬಂದ.

"ಮುದುಕಿ ಹಾಸಿಗೆ ಬಿಟ್ಟು ಏಳಲ್ಲ. ಇದನ್ನೇ ಮೆಷಿನ್ನಿಗೆ ತೋರಿಸಿ ಪಿಂಚಣಿ ಕೊಡು. ಇಲ್ಲಾಂದ್ರೆ ನಿನ್ನ ಕೆಲಸ ಕೀಳಿಸ್ತೀನಿ!"

"ಆಗಲಿ ಧಣಿ. ಇದು ಮುಖ ಗುರುತಿಸೋ ಮೆಷಿನ್ನು. ಕಣ್ಣು ಮಿಟುಕಿಸಿದರೇನೇ ದುಡ್ಡು. ಫೋಟೋಗೆ ಸ್ವಲ್ಪ ಹೇಳಿ."

ಅವನು ಫೋಟೋದ ಕಣ್ಣಿಗೆ ತೂತು ಕೊರೆದು, ಹಿಂದಿನಿಂದ ತಾನೇ ಮಿಟುಕಿಸಿದ. ಮೆಷಿನ್ನು ಒಪ್ಪಲಿಲ್ಲ. "ಇನ್ನೂ ಜೋರಾಗಿ ಧಣಿ, ನಿಲ್ಲಿಸಬೇಡಿ!" ಅಂದವನೇ ಸೈಕಲ್ ಹತ್ತಿ ಗಾಳಿಗಿಂತ ಮುಂಚೆ ಚೌಡಮ್ಮನ ಮನೆ ಮುಟ್ಟಿದೆ. ಆಯಮ್ಮ ಗಟ್ಟಿಮುಟ್ಟಾಗಿ ಸೌದೆ ಒಡೀತಿದ್ದಳು. ಹಿಂದೆ ಕೂರಿಸಿಕೊಂಡು ಬಂದೆ.

"ಏನೋ ಮರಿ, ನನ್ನ ಮುಖ ಹಾಕ್ಕೊಂಡು ಏನೋ ಮಾಡ್ತಿದ್ದೀಯ?"

ಮರಿಲಿಂಗಪ್ಪ ಫೋಟೋ ಹಿಂದಿನಿಂದ ಈಚೆಗೆ ಬರಲೇ ಇಲ್ಲ.

ಚೌಡಮ್ಮ ಮೆಷಿನ್ನಿಗೆ ಒಂದು ಸಲ ಕಣ್ಣು ಮಿಟುಕಿಸಿದಳು, ದುಡ್ಡು ಬಂತು. ಸೆರಗಿಗೆ ಗಂಟು ಹಾಕಿಕೊಂಡು ಇನ್ನೊಂದು ಸಲ ಮಿಟುಕಿಸಿದಳು. ಅದು ನನಗೆ.