ನಿಂತಾಗ ಇಳಿಯುವ ಮುಳ್ಳು

"ಬುದ್ಧಿ, ಕಾವಿ ಕಳಚಿಟ್ಟು ಹೋಗಿಬಿಡಲೇ?" ಎಂದು ನಿಜಗುಣ ಗುರುಗಳನ್ನು ಕೇಳಿದ.

ಮಠದ ದಾಸೋಹದ ಹೊಣೆ ಅವನದು. ಪಂಕ್ತಿಯಲ್ಲಿ ಓಡಾಡಿ ಬಡಿಸುವಾಗ ಅವನ ಎದೆಯಲ್ಲಿ ಭಕ್ತಿ ಉಕ್ಕುತ್ತಿತ್ತು. ಕಣ್ಣು ಮುಚ್ಚಿ ಸುಮ್ಮನೆ ಕುಳಿತರೆ ಇಳಿದುಹೋಗುತ್ತಿತ್ತು. ತಳದಲ್ಲಿ ಏನೋ ಒಂದಿಷ್ಟು ಮಿಸುಕಾಡುತ್ತಿತ್ತು, ಅಷ್ಟೆ. ತನ್ನದು ಭಕ್ತಿಯೇ ಅಲ್ಲ, ಬರೀ ಓಡಾಟದ ಹುರುಪು ಎಂಬ ಅನುಮಾನ ಅವನನ್ನು ಹತ್ತಿಕೊಂಡಿತ್ತು.

ಗುರುಗಳು ಹೋಗು ಎನ್ನಲಿಲ್ಲ, ಇರು ಎನ್ನಲಿಲ್ಲ. ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ತಲೆ ನರೆತ ಮೇಲೆ ಅವನಿಗೆ ಸ್ಪೋರ್ಟ್ಸ್ ಕಾರಿನ ಹುಚ್ಚು ಹಿಡಿಯಿತು. ಕೊಂಡ. ನೆಲಕ್ಕೆ ಅಂಟಿಕೊಂಡಂಥ ಗಾಡಿ. ಅದಕ್ಕೆ ಹತ್ತುವುದಲ್ಲ, ಅದರೊಳಕ್ಕೆ ಇಳಿಯಬೇಕು. ಕಡಲ ದಂಡೆಯ ರಸ್ತೆಯಲ್ಲಿ, ಬೆಳಗಿನ ಮಂಜಿನೊಳಗೆ ಅದನ್ನು ಓಡಿಸುವಾಗ ರಸ್ತೆ ಯಾವುದು, ನೀರು ಯಾವುದು, ತಾನು ಯಾರು ಎಂಬುದೇ ಅವನಿಗೆ ಮರೆತುಹೋಗುತ್ತಿತ್ತು.

ಎಚ್ಚರವಾಗುತ್ತಿದ್ದುದು ನಿಂತಾಗ. ಕಾರಿನಲ್ಲಿ ಎಂಜಿನ್ ಎಣ್ಣೆಯ ಒತ್ತಡ ತೋರಿಸುವ ಒಂದು ಮುಳ್ಳಿತ್ತು. ಓಡುವಾಗ ನೆಟ್ಟಗೆ ನಿಲ್ಲುತ್ತಿತ್ತು. ರೈಲ್ವೆ ಗೇಟಿನಲ್ಲಿ ಕಾದು ನಿಂತರೆ ಮೆಲ್ಲಗೆ, ನಿದ್ದೆ ಬಂದವರ ತಲೆಯಂತೆ, ಕೆಳಗೆ ವಾಲುತ್ತಿತ್ತು. ಎಣ್ಣೆ ಸಿಗದ ಎಂಜಿನ್ ತನ್ನನ್ನೇ ತಿಂದುಕೊಳ್ಳುತ್ತದೆಂದು ಅವನು ಕೇಳಿದ್ದ. ಮುಳ್ಳು ಏರಲೆಂದು ನಿಂತಲ್ಲೇ ಆಕ್ಸಿಲರೇಟರ್ ಒತ್ತುತ್ತಿದ್ದ. ಗೇಟಿನಲ್ಲಿದ್ದವರೆಲ್ಲ ತಿರುಗಿ ನೋಡುತ್ತಿದ್ದರು.

ಬರಬರುತ್ತ ನಿಲ್ಲುವುದನ್ನೇ ಬಿಟ್ಟ. ಅಕ್ಕನ ಮನೆಯ ಮುಂದೆ "ಚೆನ್ನಾಗಿದ್ದೀಯಾ ಅಕ್ಕಾ?" ಎಂದು ಕೂಗಿ, ಅವಳು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ತಿರುವು ದಾಟಿರುತ್ತಿದ್ದ.

ಮೆಕ್ಯಾನಿಕ್ ಬೇರೊಂದು ಮಾಪಕ ಜೋಡಿಸಿ ನೋಡಿದ. "ಬಿಸಿಯಾದರೆ ಎಣ್ಣೆ ತೆಳುವಾಗುತ್ತೆ, ನಿಂತಾಗ ಪಂಪು ನಿಧಾನ ತಿರುಗುತ್ತೆ ಸಾಹುಕಾರ್ರೇ. ಆಗ ಎಂಜಿನ್ನಿಗೂ ಅಷ್ಟೇ ಸಾಕು. ವೇಗ ಕೊಟ್ಟರೆ ಮುಳ್ಳು ಏರುತ್ತಲ್ಲ, ಚಿಂತೆ ಬಿಡಿ" ಎಂದ.

ವರ್ತಕನ ಮನಸ್ಸು ಒಪ್ಪಲಿಲ್ಲ. ಹೆಂಡತಿ ನಕ್ಕಳು. "ಮಲಗಿದಾಗ ನನ್ನ ನಾಡಿಯೂ ನಿಧಾನ ಆಗುತ್ತೆ. ಎಬ್ಬಿಸಿ ಅಂಗಳ ಸುತ್ತಿಸ್ತೀರೇನ್ರೀ?"

"ನೀನು ಗಟ್ಟಿಮುಟ್ಟು ಕಣೇ. ಇದು ನಾಜೂಕು."

"ಅದಕ್ಕೇ ಇರಬೇಕು, ಆ ಮುಳ್ಳು ನೋಡಿದಷ್ಟು ಸಲ ನನ್ನ ಮುಖ ನೋಡಿಲ್ಲ."

ಅವನು ಬೇರೆ ಊರಿಗೆ ಹೋಗಿ, ಇದ್ದ ಎಣ್ಣೆ ಬಸಿಸಿ, ಸಿಕ್ಕಿದ್ದರಲ್ಲೇ ಮಂದವಾದದ್ದನ್ನು ಹಾಕಿಸಿದ. ಈಗ ನಿಂತಾಗಲೂ ಮುಳ್ಳು ಇಳಿಯಲಿಲ್ಲ. ಅಂದು ಅವನು ಗೇಟಿನಲ್ಲಿ ಆರಾಮವಾಗಿ ಒರಗಿ, ರೈಲಿನ ಕಿಟಕಿಗಳು ಒಂದೊಂದಾಗಿ ಹಾದುಹೋಗುವುದನ್ನು ಕಣ್ತುಂಬ ನೋಡಿದ.

ಚಳಿಗಾಲ ಬಂತು. ಬೆಟ್ಟದ ಮೇಲಿನ ಊರಿನಲ್ಲಿ ತಂಗಿ, ಬೆಳಿಗ್ಗೆ ಕೀಲಿ ತಿರುಗಿಸಿದ. ಮುಳ್ಳು ಎಂದೂ ಏರದಷ್ಟು ಮೇಲೆ ಏರಿತು. ಹಿಗ್ಗಿನಿಂದ ಬಿರುಸಾಗಿ ಹೊರಟ. ಚಳಿಗೆ ಆ ಎಣ್ಣೆ ಇನ್ನಷ್ಟು ಮಂದವಾಗಿ, ಎಂಜಿನ್ನಿನ ಸಣ್ಣ ದಾರಿಗಳಲ್ಲಿ ನುಗ್ಗಲಾರದೆ ತಡೆದು ನಿಂತಿತ್ತು. ಒತ್ತಡವೇನೋ ತುಂಬಿತ್ತು, ಎಣ್ಣೆ ತಲುಪುತ್ತಿರಲಿಲ್ಲ. ಸ್ವಲ್ಪ ದೂರದಲ್ಲೇ ಒಳಗಿನಿಂದ ಯಾರೋ ಬಾಗಿಲು ಬಡಿದಂತೆ ಸದ್ದಾಯಿತು. ಆಮೇಲೆ ಎಂಜಿನ್ ಕಚ್ಚಿಕೊಂಡು ನಿಂತಿತು.

ಮಂಜು ಕಾರನ್ನು ಮುಚ್ಚಿತು. ವರ್ತಕ ಮುಳ್ಳನ್ನೇ ನೋಡುತ್ತ ಕುಳಿತ. ಅದು ಪೂರಾ ಮಲಗಿತ್ತು. ಇಷ್ಟು ಕಾಲ ಅವನು ಹೆದರಿದ್ದ ಜಾಗಕ್ಕಿಂತ ಎಷ್ಟೋ ಕೆಳಗೆ.

ಗುರುಗಳು ಕತೆ ಮುಗಿಸಿದರು. ನಿಜಗುಣ ಕೇಳಿದ: "ಹಾಗಾದರೆ ಮೊದಲು ಮುಳ್ಳು ಹೇಳಿದ್ದು ಸುಳ್ಳೇ, ಬುದ್ಧಿ?"

"ಮುಳ್ಳು ನಿಜವನ್ನೇ ಹೇಳಿತ್ತಪ್ಪಾ, ಕಡಿಮೆ ಇದೆ ಎಂದದ್ದನ್ನು ಇಲ್ಲವೇ ಇಲ್ಲ ಎಂದುಕೊಂಡವನು ಅವನು."