ಕೆಂಚವ್ವನ ಗಾಳಿಕಿಂಡಿ

ಒಂದು ಕಾಡಿನಲ್ಲಿ, ಬಿದಿರುಮೆಳೆಯ ಪಕ್ಕದ ದಿಬ್ಬದೊಳಗೆ, ಕೆಂಚವ್ವ ಎಂಬ ಹೆಗ್ಗಣ ಮನೆ ಮಾಡಿಕೊಂಡಿದ್ದಳು. ಮನೆ ಎಂದರೆ ಬಿಲ. ಆದರೆ ಒಳ್ಳೆಯ ಬಿಲ. ಮಲಗಲು ಒಂದು ಕೋಣೆ, ಕಾಳಿಗೆ ಒಂದು ಕೋಣೆ. ಕೆಳಗೆ ಬಾಗಿಲು. ಮೇಲೆ ದಿಬ್ಬದ ನೆತ್ತಿಗೆ ತೆರೆದುಕೊಳ್ಳುವ ಒಂದು ಗಾಳಿಕಿಂಡಿ. ಐದು ಮರಿಗಳು. ಗಂಡ ಇರಲಿಲ್ಲ.

ಹೆಗ್ಗಣಗಳದ್ದು ಒಂದು ಪದ್ಧತಿ. ಒಳಗೆ ಹೋದ ಮೇಲೆ ಬಾಗಿಲಿಗೆ ಮಣ್ಣು ಒತ್ತಿ ಮುಚ್ಚುತ್ತವೆ. ಮುಂಗುಸಿಯ ಭಯ. ಕೆಂಚವ್ವನ ತಾಯಿಯೂ ಮುಚ್ಚುತ್ತಿದ್ದಳು, ಅಜ್ಜಿಯೂ ಮುಚ್ಚುತ್ತಿದ್ದಳು. ಗಾಳಿಕಿಂಡಿಯನ್ನು ಮಾತ್ರ ಯಾರೂ ಮುಚ್ಚಿದವರಲ್ಲ. ಯಾಕೆಂದು ಯಾರೂ ಹೇಳಿರಲಿಲ್ಲ. ಯಾರೂ ಕೇಳಿರಲೂ ಇಲ್ಲ.

ಮಳೆಗಾಲ ಬಂತು. ಒಂದು ಮಧ್ಯಾಹ್ನ ಉಬ್ಬಪ್ಪ ಎಂಬ ನೆಲಗಪ್ಪೆ ಬಾಗಿಲಿಗೆ ಬಂದ. ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಅಕ್ಕಾ, ಒಂದು ಮೂಲೆ ಕೊಡ್ತೀಯಾ?"

"ಮೂಲೆ ಇದೆ. ಐದು ಮರಿಗಳೂ ಇವೆ. ಗಲಾಟೆ ತಡೀತೀಯಾ?"

"ಗಲಾಟೆಯಲ್ಲಿ ನನ್ನನ್ನು ಮೀರಿಸೋರು ಯಾರಿದ್ದಾರೆ?" ಎಂದು ಉಬ್ಬಪ್ಪ ನಕ್ಕ.

ಕೆಂಚವ್ವನೂ ನಕ್ಕಳು. ಒಳಗೆ ಬಿಟ್ಟುಕೊಂಡಳು.

ಉಬ್ಬಪ್ಪನಿಗೆ ಒಣ ಜಾಗ ಆಗದು. ಅವನಿಗೆ ತೇವ ಬೇಕು, ಕೂತಲ್ಲಿಗೆ ಹುಳು ಬೇಕು, ದುಡಿಮೆ ಬೇಡ. ಇದನ್ನು ಅವನು ಹೇಳಲಿಲ್ಲ. ಮೂಲೆಯಲ್ಲಿ ಕೂತು ಮೇಲೆ ನೋಡಿದ.

"ಅಯ್ಯಯ್ಯೋ! ಇದೇನಕ್ಕಾ ಈ ತೂತು? ಬಾಗಿಲು ಭದ್ರ ಮಾಡಿ ಸೂರು ಬಿಚ್ಚಿಟ್ಟ ಹಾಗಾಯಿತು. ಮನೆಯ ಕಾವೆಲ್ಲ ಇಲ್ಲೇ ಸೋರಿಹೋಗ್ತಿದೆ. ಗಾಳಿ ಕಳ್ಳ, ಅಕ್ಕಾ."

"ನಮ್ಮಜ್ಜಿ ಕಾಲದಿಂದ ಹೀಗೇ ಇದೆ."

"ನಿಮ್ಮಜ್ಜಿಗೆ ಶೀತ ಆಗ್ತಿತ್ತಾ?"

"ಆಗ್ತಿತ್ತು. ಮುಪ್ಪಿನಲ್ಲಿ."

"ನೋಡಿದೆಯಾ!"

ಕೆಂಚವ್ವನಿಗೆ ಹೌದಲ್ಲ ಅನ್ನಿಸಿತು. ಅಂದೇ ಕಿಂಡಿಗೆ ಮಣ್ಣು ಒತ್ತಿದಳು.

ಮೊದಲ ನಾಲ್ಕು ದಿನ ಮನೆ ಬೆಚ್ಚಗಿತ್ತು. ಮರಿಗಳು ಒಂದರ ಮೇಲೊಂದು ಬಿದ್ದು ನಿದ್ದೆ ಮಾಡಿದವು. ಉಬ್ಬಪ್ಪ ದಿನಕ್ಕೆ ಮೂರು ಸಲ ಹೊಂಡಕ್ಕೆ ಹೋಗಿ ಮುಳುಗಿ, ಒದ್ದೆ ಮೈಯಲ್ಲೇ ಒಳಗೆ ಬರುತ್ತಿದ್ದ.

ಆಮೇಲೆ ಗೋಡೆ ಬೆವರತೊಡಗಿತು. ಹಾಸಿಗೆಯ ಹುಲ್ಲು ಭಾರವಾಯಿತು. ಮುಗ್ಗಲು ವಾಸನೆ ಎದ್ದಿತು. ಒಂದು ದಿನ ಕಾಳಿನ ಕೋಣೆಗೆ ಹೋದ ಕೆಂಚವ್ವ ಹಾಗೇ ನಿಂತುಬಿಟ್ಟಳು. ಕಾಡಂಚಿನ ಹೊಲದಿಂದ ಒಂದೊಂದಾಗಿ ಹೊತ್ತು ತಂದ ನವಣೆ ತೆನೆಗಳಿಗೆ ಬೂದುಬಣ್ಣದ ಗಡ್ಡ ಬಂದಿತ್ತು. ಬೂಷ್ಟು! ಬೂಷ್ಟಿನ ಹಿಂದೆಯೇ ನುಸಿ, ಸಣ್ಣ ಹುಳು ಎಲ್ಲ ಹರಿದು ಬಂದಿದ್ದವು.

ಉಬ್ಬಪ್ಪ ನಾಲಿಗೆ ಚಾಚಿದ. ಪಟ್! ಒಂದು ಹುಳು. ಪಟ್! ಇನ್ನೊಂದು.

"ಕಂಡೆಯಾ ಅಕ್ಕಾ? ನಾನಿಲ್ಲದಿದ್ದರೆ ಈ ಹುಳುಗಳು ನಿನ್ನ ಮನೆಯನ್ನೇ ನುಂಗುತ್ತಿದ್ದವು."

"ನಿನ್ನಿಂದ ಉಪಕಾರವಾಯಿತಪ್ಪ" ಎಂದಳು ಕೆಂಚವ್ವ.

ಉಬ್ಬಪ್ಪ ದಿನೇ ದಿನೇ ದಪ್ಪಗಾದ. ಕೊನೆಯ ಮರಿ ಸಣ್ಣಿ ಮಾತ್ರ ಬಡವಾದಳು. ಅವಳಿಗೆ ಕೆಮ್ಮು ಹತ್ತಿತು. ಕೆಮ್ಮಿ ಕೆಮ್ಮಿ ಮೈ ಬಿಲ್ಲಿನ ಹಾಗೆ ಬಾಗುತ್ತಿತ್ತು. ಮಳೆ ಇನ್ನೂ ಎರಡು ತಿಂಗಳು ಇತ್ತು. ಕಾಳು ಪೂರ್ತಿ ಕೆಟ್ಟರೆ ಐದೂ ಮರಿಗಳು ಉಪವಾಸ. ಅದಕ್ಕೂ ಮೊದಲು, ಅಷ್ಟು ದಿನ ಸಣ್ಣಿ ಉಳಿಯಬೇಕಲ್ಲ.

ಮಳೆ ಬಿಟ್ಟ ಒಂದು ಬೆಳಿಗ್ಗೆ ಅವಳು ಬಂಡೆಯಾಚೆಗಿನ ಈರಜ್ಜನ ಹತ್ತಿರ ಹೋದಳು. ಈರಜ್ಜ ವಯಸ್ಸಾದ ಮುಳ್ಳುಹಂದಿ. ಬಿಲ ತೋಡುವುದರಲ್ಲಿ ಪಳಗಿದವನು. ಮಾತು ಕಡಿಮೆ.

ಈರಜ್ಜ ಮೂಗರಳಿಸಿದ. "ಮುಗ್ಗಲು."

"ಎಲ್ಲಜ್ಜಾ?"

"ನಿನ್ನ ಮೈ."

ಕೆಂಚವ್ವನಿಗೆ ನಾಚಿಕೆಯಾಯಿತು. ನಡೆದದ್ದನ್ನೆಲ್ಲ ಹೇಳಿದಳು. ಈರಜ್ಜ ಕೊನೆಯವರೆಗೂ ಕೇಳಿದ.

"ಮನೆಯಲ್ಲಿ ಎಷ್ಟು ಮೂಗು?"

"ನಾನು, ಐದು ಮರಿ, ಉಬ್ಬಪ್ಪ. ಏಳು."

"ಏಳು ಮೂಗಿನ ಉಸಿರು. ಒದ್ದೆ ಮೈ. ಹಸಿ ಹುಲ್ಲು. ಆ ತೇವ ಎಲ್ಲಿಂದ ಆಚೆ ಹೋಗಬೇಕು? ನಿನ್ನ ತಲೆಯಿಂದಲಾ?"

ಈರಜ್ಜ ಒಣ ಹುಲ್ಲಿನ ಬೀಜದ ತುದಿಯಲ್ಲಿರುವ ಒಂದು ಊಬು ತಂದುಕೊಟ್ಟ. ಕೂದಲಿನ ಹಾಗೆ ಸಣ್ಣದು, ಹಗ್ಗದ ಹಾಗೆ ಹೊಸೆದುಕೊಂಡಿತ್ತು.

"ಗೋಡೆಗೆ ಸಿಗಿಸು. ತೇವ ಹೆಚ್ಚಾದರೆ ನೆಟ್ಟಗಾಗುತ್ತದೆ. ಒಣಗಿದರೆ ಹೊಸೆದುಕೊಳ್ಳುತ್ತದೆ. ಅದಕ್ಕೆ ಯಾರ ಮುಲಾಜೂ ಇಲ್ಲ. ಹೋಗು."

ಕೆಂಚವ್ವ ಊಬನ್ನು ಗೋಡೆಗೆ ಸಿಗಿಸಿದಳು. ಅವಳು ತಿರುಗಿ ನೋಡುವಷ್ಟರಲ್ಲಿ ಅದು ಕಡ್ಡಿಯ ಹಾಗೆ ನೆಟ್ಟಗಾಗಿತ್ತು.

ಅಂದೇ ಕಿಂಡಿಯ ಮಣ್ಣು ಕೆದಕಿ ತೆಗೆದಳು. ಬೂಷ್ಟು ಹಿಡಿದ ತೆನೆಗಳನ್ನು ದೂರ ಎಸೆದಳು. ಉಳಿದವನ್ನು ಬಂಡೆಯ ಮೇಲೆ ಬಿಸಿಲಿಗೆ ಹರಡಿದಳು. ಹಳೆಯ ಹಾಸಿಗೆ ಹೊರಗೆ ಹೋಯಿತು, ಒಣ ಎಲೆ ಒಳಗೆ ಬಂತು. ಸಿಡಿಲಿಗೆ ಸುಟ್ಟ ಮರದ ಇದ್ದಿಲು ತಂದು, ತೇವ ಹೀರಲೆಂದು ಮೂಲೆಗಳಲ್ಲಿ ಇಟ್ಟಳು. ಮರಿಗಳಿಗೆ ಒಂದೇ ಮಾತು ಹೇಳಿದಳು: "ಮೈ ಕೊಡವಿ ಒಳಗೆ ಬನ್ನಿ. ಇಲ್ಲವಾದರೆ ಊಟ ಇಲ್ಲ."

"ಅಕ್ಕಾ, ಒಣಗಾಳಿ! ನನ್ನ ಚರ್ಮ!" ಎಂದು ಉಬ್ಬಪ್ಪ ಗೋಳಾಡಿದ.

"ನನ್ನ ಮಗಳ ಎದೆ" ಎಂದಳು ಕೆಂಚವ್ವ.

ಮರುದಿನ ಊಬು ಸ್ವಲ್ಪ ಹೊಸೆದುಕೊಂಡಿತು. ಅದರ ಮರುದಿನ ಇನ್ನಷ್ಟು. ಗಾಳಿ ಅತಿಯಾದಾಗ ಕೆಂಚವ್ವ ಕಿಂಡಿಗೆ ಅರ್ಧ ಮಣ್ಣು ಇಟ್ಟಳು. ಮಂಜು ಕವಿದಾಗ ಪೂರ್ತಿ ಇಟ್ಟಳು. ಬಿಸಿಲು ಬಂದೊಡನೆ ತೆಗೆದಳು. ಕಷ್ಟವೇನೂ ಇರಲಿಲ್ಲ. ಹುಳುಗಳು ಹೋದವು. ಉಬ್ಬಪ್ಪನ ನಾಲಿಗೆಗೆ ಕೆಲಸ ತಪ್ಪಿತು.

ನಾಲ್ಕನೆಯ ದಿನ ಒಳ್ಳೆಯ ಬಿಸಿಲು. ಕಿಂಡಿ ತೆರೆದೇ ಇತ್ತು. ಆದರೂ ಊಬು ನೆಟ್ಟಗಾಯಿತು. ಗೋಡೆ ಮತ್ತೆ ಬೆವರಿತು. ಸಣ್ಣಿ ಮತ್ತೆ ಕೆಮ್ಮಿದಳು. ಕೆಂಚವ್ವನಿಗೆ ತಲೆಬುಡ ತಿಳಿಯಲಿಲ್ಲ.

ಅಷ್ಟರಲ್ಲಿ ದಿಬ್ಬದ ಮೇಲೆ ಆಡುತ್ತಿದ್ದ ಮರಿಯೊಂದು ಕೂಗಿತು. "ಅವ್ವಾ! ಬೇಗ ಬಾ! ಕಿಂಡಿಯಲ್ಲಿ ಉಬ್ಬಪ್ಪ ಮಾವನ ಕುಂಡಿ!"

ಕೆಂಚವ್ವ ಓಡಿದಳು. ನಿಜವೇ. ಉಬ್ಬಪ್ಪ ಒಳಗಿನಿಂದ ಹಿಂದುಹಿಂದಕ್ಕೆ ಹತ್ತಿ ಬಂದು, ಗಾಳಿ ತುಂಬಿಕೊಂಡು ಉಬ್ಬಿ, ಕಿಂಡಿಗೆ ಬಿರಡೆಯಾಗಿ ಕೂತಿದ್ದ. ಹುಳು ತಿಂದು ಕೊಬ್ಬಿದ ಮೈ ಬೇರೆ. ಈಗ ಮುಂದೆ ಹೋಗಲಾರ, ಹಿಂದೆ ಬರಲಾರ. ಹೊರಗಿದ್ದ ಹಿಂಭಾಗಕ್ಕೆ ಬಿಸಿಲು ಚುರುಚುರು ಸುಡುತ್ತಿತ್ತು.

"ಅಕ್ಕಾ, ಎಳಿ! ಒಣಗಿ ಹಪ್ಪಳವಾಗ್ತೀನಿ!"

"ಗಾಳಿ ಕಳ್ಳ ಅಂದೆಯಲ್ಲ. ಹಿಡಿದಿದ್ದೀಯ. ಬಿಡಬೇಡ" ಎಂದಳು ಕೆಂಚವ್ವ.

"ತಪ್ಪಾಯಿತು! ಹುಳುವಿನ ಆಸೆಗೆ ಹೇಳಿದೆ. ನಿನ್ನ ಕಿಂಡಿ, ನಿನ್ನ ಮನೆ. ನನ್ನನ್ನು ಬಿಡಿಸು!"

ಮರಿಗಳು ಬಿದ್ದು ಬಿದ್ದು ನಕ್ಕವು. ಕೆಂಚವ್ವನಿಗೂ ನಗು ತಡೆಯಲಿಲ್ಲ. ಎಲ್ಲರೂ ಸೇರಿ ಅವನ ಹಿಂಗಾಲು ಹಿಡಿದು ಎಳೆದರು. ಅವನು ಅಲುಗಲಿಲ್ಲ. ಗಲಾಟೆ ಕೇಳಿ ಈರಜ್ಜ ಬಂದ. ಸುತ್ತ ಒಮ್ಮೆ ನೋಡಿದ.

"ಉಸಿರು ಬಿಡು" ಎಂದ.

"ಬಿಟ್ಟರೆ ಹೊಟ್ಟೆ ಇಳಿದುಹೋಗುತ್ತಜ್ಜಾ. ಕಾಡಲ್ಲೆಲ್ಲ ನನ್ನನ್ನು ದೊಡ್ಡವನು ಅಂತಾರೆ!"

"ಹಾಗಾದರೆ ಇರು." ಈರಜ್ಜ ಹೊರಟ.

"ಬಿಟ್ಟೆ, ಬಿಟ್ಟೆ!"

ಉಬ್ಬಪ್ಪ ಉಸಿರು ಬಿಟ್ಟ. ಉಬ್ಬಿದ ಹೊಟ್ಟೆ ಇಳಿಯಿತು. ಐದು ಮರಿಗಳು ಒಟ್ಟಿಗೆ ಎಳೆದವು. ಅವನು ಕಿತ್ತುಕೊಂಡು ಬಂದು, ಇಳಿಜಾರಿನಲ್ಲಿ ಲಾಗ ಹಾಕುತ್ತ ಉರುಳಿ, ಕೆಳಗಿನ ತೊರೆಗೆ ಬಿದ್ದ. ಅಲ್ಲಿ ಅವನಿಗೆ ಬೇಕಾದಷ್ಟು ತೇವವಿತ್ತು. ಹುಳುವನ್ನು ಮಾತ್ರ ಹುಡುಕಿಕೊಂಡು ಹೋಗಬೇಕಿತ್ತು. ಹೋದ. ಮತ್ತೆ ಯಾರ ಬಾಗಿಲಿಗೂ ಬುದ್ಧಿ ಹೇಳಲು ಬರಲಿಲ್ಲ.

ಕೆಂಚವ್ವ ಒಳಗೆ ಹೋದಳು. ಬಾಗಿಲಿನ ಸಡಿಲ ಮಣ್ಣಿನ ಸಂದಿಯಿಂದ ಬಂದ ಗಾಳಿ ಮರಿಗಳ ಮೀಸೆ ತಾಗಿ, ಕಾಳಿನ ಕೋಣೆ ಸುತ್ತಿ, ಮೇಲಿನ ಕಿಂಡಿಯಿಂದ ಆಚೆ ಹೋಗುತ್ತಿತ್ತು. ಹತ್ತು ದಿನಗಳಲ್ಲಿ ಮುಗ್ಗಲು ಹೋಯಿತು. ಉಳಿದ ಕಾಳು ಗಟ್ಟಿಯಾಗಿತ್ತು. ಹಿಡಿತದಲ್ಲಿ ತಿಂದರೆ ಮಳೆಗಾಲ ಕಳೆಯಲು ಸಾಕು.

ಒಂದು ಮಧ್ಯಾಹ್ನ ಸಣ್ಣಿ ಒಣ ಎಲೆಗಳ ಮೇಲೆ ಮಲಗಿದ್ದಳು. ಕೆಮ್ಮಿಲ್ಲ, ಸದ್ದಿಲ್ಲ. ಎಷ್ಟು ಹೊತ್ತಾದರೂ ಸದ್ದೇ ಇಲ್ಲ. ಕೆಂಚವ್ವನಿಗೆ ಹೆದರಿಕೆಯಾಯಿತು. ಹತ್ತಿರ ಹೋಗಿ ಮೂಗಿನಿಂದ ಮೆಲ್ಲಗೆ ತಿವಿದಳು.

ಸಣ್ಣಿ ಕಣ್ಣು ಬಿಡದೆ ಅವ್ವನ ಮೂಗಿಗೆ ಜಾಡಿಸಿ ಒದ್ದು, ಮಗ್ಗುಲು ಬದಲಿಸಿ ಮಲಗಿದಳು.

ಕೆಂಚವ್ವ ಮೂಗು ಉಜ್ಜಿಕೊಂಡಳು. ತಾನೂ ಪಕ್ಕದಲ್ಲಿ ಮಲಗಿ ನಿದ್ದೆ ಹೋದಳು.

ನೀತಿ: ಮನೆಯಲ್ಲಿ ಗಾಳಿ ಆಡಬೇಕು, ತೇವ ನಿಂತಲ್ಲಿ ರೋಗ ನಿಲ್ಲುತ್ತದೆ. ತನ್ನ ಸುಖಕ್ಕಾಗಿ ಬುದ್ಧಿ ಹೇಳುವವನ ಮಾತು ಕೇಳಿ ಮನೆಯ ಕಿಂಡಿ ಮುಚ್ಚಬಾರದು.